ಸಿ.ಟಿ. ಫಿಲಂ ಫೋಟೋ ಕಳಿಸಿದರೆ ಡಾಕ್ಟರು ಯಾಕೆ ಬೇಡ ಅನ್ನುತ್ತಾರೆ?

ಪ್ರಶ್ನೆ (ಮುಳಬಾಗಿಲು): ನಮಸ್ಕಾರ ಡಾಕ್ಟ್ರೇ. ಹೋದ ವಾರ ಅಪ್ಪ ಬೈಕಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ಕೋಲಾರದಲ್ಲಿ ಸಿ.ಟಿ. ಮಾಡಿಸಿದೆವು. ತಲೆನೋವು ಇನ್ನೂ ಇದೆ. ಬೆಂಗಳೂರಿನ ಡಾಕ್ಟರಿಗೆ ಫಿಲಂ ಫೋಟೋ ವಾಟ್ಸಾಪ್ ಮಾಡಿದರೆ ‘ಇದರಲ್ಲಿ ಹೇಳೋಕಾಗಲ್ಲ, ಡೈಕಾಮ್ ಕಳಿಸಿ’ ಅಂದರು. ಇನ್ನೊಂದು ಸ್ಕ್ಯಾನ್ ಮಾಡಿಸೋಕೆ ಇದೊಂದು ನೆಪಾನಾ?

ಉತ್ತರ (ರೇಡಿಯಾಲಜಿ ಡಾಕ್ಟರ್): ಮೊದಲು ಒಂದು ಮಾತು. ವಾಂತಿ, ಮಂಪರು, ಮಾತು ತೊದಲುವುದು, ಕೈಕಾಲು ಸೋಲುವುದು, ಇದರಲ್ಲಿ ಒಂದು ಕಂಡರೂ ಫೈಲು ಗೀಲು ಅಂತ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನೆಪ ಅಲ್ಲ. ಡೈಕಾಮ್ ಅಂದರೆ ಸ್ಕ್ಯಾನ್ ಮಿಷಿನ್ ದಾಖಲಿಸಿದ ಮೂಲ ಚಿತ್ರಗಳ ಕಂಪ್ಯೂಟರ್ ಫೈಲು. ಸಾಮಾನ್ಯವಾಗಿ ನೀವೆಲ್ಲ ಫಿಲಂ ಅನ್ನು ಟ್ಯೂಬ್‌ಲೈಟಿಗೆ ಹಿಡಿದು ಫೋಟೋ ತೆಗೀತೀರಿ, ಅಲ್ವಾ? ನನಗೂ ದಿನಾ ಬರುತ್ತವೆ. ಮೆದುಳಿನ ಮಧ್ಯೆ ಒಂದು ಬಿಳಿ ಗೆರೆ. ರಕ್ತ ಅಂತ ಗಾಬರಿಯಾಗಿ ನೋಡಿದರೆ ಟ್ಯೂಬ್‌ಲೈಟಿನ ಬೆಳಕು!

ಸಿ.ಟಿ. ಮಿಷಿನ್ ಸುಮಾರು 4,000 ಮಟ್ಟದ ಬೂದು ಬಣ್ಣ ದಾಖಲಿಸುತ್ತದೆ. ಫೋನಿನ ಫೋಟೋದಲ್ಲಿ ಉಳಿಯುವುದು 256. ಡೈಕಾಮ್ ಫೈಲ್ ಇದ್ದರೆ ನಾವು ಮೌಸ್ ಎಳೆದು ಒಂದು ಸಲ ಮೂಳೆ, ಇನ್ನೊಂದು ಸಲ ಮೆದುಳು ಸ್ಪಷ್ಟವಾಗಿ ಕಾಣುವ ಹಾಗೆ ಬದಲಾಯಿಸಿಕೊಳ್ಳುತ್ತೇವೆ. ತಲೆಬುರುಡೆಗೆ ಅಂಟಿಕೊಂಡ ತೆಳು ರಕ್ತದ ಪದರ ಕೆಲವು ಸಲ ಹೀಗೆ ಹುಡುಕಿದಾಗಲೇ ಸಿಗುತ್ತದೆ. ಫಿಲಂನಲ್ಲಿ ಏನು ಪ್ರಿಂಟ್ ಆಗಿದೆಯೋ ಅಷ್ಟೇ.

ಯಾವ ಕಂಪನಿ ಮಿಷಿನ್ ಆದರೂ ಡೈಕಾಮ್ ಒಂದೇ. ಅದಕ್ಕೇ ಕೋಲಾರದ ಸ್ಕ್ಯಾನ್ ಬೆಂಗಳೂರಿನಲ್ಲಿ ತೆರೆಯುತ್ತದೆ. ಒಂದು ಸ್ಲೈಸ್, ಅಂದರೆ ತಲೆಯ ಒಂದು ಅಡ್ಡ ಪದರದ ಚಿತ್ರ, ಸುಮಾರು ಅರ್ಧ ಎಂ.ಬಿ. 300 ಸ್ಲೈಸ್ ಇದ್ದರೆ 150 ಎಂ.ಬಿ. ಸ್ಕ್ಯಾನ್ ಸೆಂಟರಿನಲ್ಲಿ ಡೈಕಾಮ್ ಫೈಲು ಕೇಳಿ ತಗೊಳ್ಳಿ. ಪೂರ್ತಿ ಫೋಲ್ಡರ್ ಜಿಪ್ ಮಾಡಿ, ವಾಟ್ಸಾಪಿನಲ್ಲಿ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ಒಳಗಿನ ಫೈಲುಗಳ ಹೆಸರು ವಿಚಿತ್ರವಾಗಿರುತ್ತದೆ, ಬದಲಾಯಿಸಬೇಡಿ. ಆದರೆ ಫ್ಯಾಮಿಲಿ ಗ್ರೂಪಿಗೆ ಹಾಕಬೇಡಿ. ಅಪ್ಪನ ಹೆಸರು, ವಯಸ್ಸು ಎಲ್ಲ ಅದರೊಳಗೇ ಇರುತ್ತದೆ.

ಪ್ರಶ್ನೆ (ಚಿಂತಾಮಣಿ): ಸರ್, ಆಭಾ ನಂಬರ್ (ಸರ್ಕಾರದ ಆರೋಗ್ಯ ಖಾತೆ ನಂಬರ್) ಇದ್ದರೆ ಸ್ಕ್ಯಾನ್ ಎಲ್ಲ ಆಸ್ಪತ್ರೆಯಲ್ಲೂ ತಾನಾಗೇ ಕಾಣಲ್ವಾ?

ಉತ್ತರ: ತಾನಾಗೇ ಇಲ್ಲ. ಆ 14 ಅಂಕಿ ಬರೀ ವಿಳಾಸ ಇದ್ದ ಹಾಗೆ. ದಾಖಲೆ ಇರುವುದು ಸ್ಕ್ಯಾನ್ ಮಾಡಿದ ಕಡೆಯೇ. ಅವರು ನಿಮ್ಮ ನಂಬರಿಗೆ ಜೋಡಿಸಬೇಕು, ಆಮೇಲೆ ನೀವು ಒಪ್ಪಿಗೆ ಕೊಡಬೇಕು. ರಿಪೋರ್ಟ್ ಕಂಡಿತು ಅಂದರೆ ಚಿತ್ರಗಳೂ ಬಂದವು ಅಂತಲ್ಲ, ಕೇಳಿ ನೋಡಿ.

ಮುಳಬಾಗಿಲು: ಸೆಂಟರಿಗೆ ಹೋಗಿ ಬಂದೆ ಸರ್. ‘ಸಿ.ಡಿ. ಅವತ್ತೇ ಕೊಟ್ಟಿದ್ದೀವಲ್ಲ’ ಅಂದರು. ಫಿಲಂ ಕವರಿನೊಳಗೇ ಇತ್ತು! ಆದರೆ ನಮ್ಮ ಲ್ಯಾಪ್‌ಟಾಪಿನಲ್ಲಿ ಸಿ.ಡಿ. ಹಾಕೋ ಜಾಗವೇ ಇಲ್ಲ.

ಉತ್ತರ: ಊರಿನ ಫೋಟೋ ಸ್ಟುಡಿಯೋದಲ್ಲಿ ವಿಚಾರಿಸಿ. ಮದುವೆ ಸಿ.ಡಿ. ಮಾಡುತ್ತಿದ್ದ ಹಳೇ ಕಂಪ್ಯೂಟರ್ ಅವರ ಹತ್ತಿರ ಇರಬಹುದು. ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ, ಅವರ ಕಂಪ್ಯೂಟರಿನಿಂದ ಅಳಿಸಿ ಬನ್ನಿ.