ಹುಳು ಮನೆಗೆ ಮಾಸ್ಕ್ ಬೇಡವಂತೆ!

ಗುಂಪು: ಶಿಡ್ಲಘಟ್ಟ ಮನೆಯವರು

ಚಿಕ್ಕಪ್ಪ: *ರೇಷ್ಮೆ ರೈತರಿಗೆ ಸಿಹಿ ಸುದ್ದಿ! ಫಾರ್ಮಾಲಿನ್ ಅನ್ನು ಬ್ಯಾಕ್ಟೀರಿಯಾದ ಎಂಜೈಮ್ ಗಾಳಿಯಲ್ಲೇ ಕರಗಿಸುತ್ತದೆ. ಇನ್ನು ಮಾಸ್ಕ್ ಬೇಡ. ಎಲ್ಲರಿಗೂ ಕಳಿಸಿ.*

ಅತ್ತೆ: ಒಳ್ಳೆಯದಾಯಿತು. ನಾಳೆ ನಮ್ಮ ಹುಳು ಮನೆಗೂ ರೋಗಾಣು ಸಾಯಲಿ ಅಂತ ಫಾರ್ಮಾಲಿನ್ ಹೊಡೆಯುವುದಿದೆ.

ನಾನು: ಅತ್ತೆ, ದಯವಿಟ್ಟು ಇದನ್ನು ನಂಬಬೇಡಿ. ಎಂಜೈಮ್, ಅಂದ್ರೆ ಜೀವಕೋಶದಲ್ಲಿ ರಾಸಾಯನಿಕ ಕ್ರಿಯೆ ನಡೆಸುವ ಪ್ರೋಟೀನ್, ಅದೇನೋ ನಿಜ. ಹೆಸರು ಫಾರ್ಮೇಟ್ ಡಿಹೈಡ್ರೋಜಿನೇಸ್. ಆದರೆ ಅದು ಹಿಡಿಯುವುದು ಫಾರ್ಮಿಕ್ ಆಸಿಡ್ ಅನ್ನು, ಫಾರ್ಮಾಲಿನ್ ಅನ್ನಲ್ಲ.

ಚಿಕ್ಕಪ್ಪ: ಎರಡೂ ಒಂದೇ ಅಲ್ವಾ?

ನಾನು: ಅಲ್ಲ ಚಿಕ್ಕಪ್ಪ. ಫಾರ್ಮಾಲಿನ್ ಅಂದ್ರೆ ನೀರಲ್ಲಿ ಕರಗಿದ ಫಾರ್ಮಾಲ್ಡಿಹೈಡ್. ಫಾರ್ಮಿಕ್ ಆಸಿಡ್ ಇರುವೆಗಳಲ್ಲಿ ಸಿಗುವ ಆಮ್ಲ. ಮೊದಲನೆಯದು ಎರಡನೆಯದಾಗಲು ಬೇರೆ ಎಂಜೈಮ್ ಬೇಕು. ಆಮೇಲೆ ಫಾರ್ಮೇಟ್ ಡಿಹೈಡ್ರೋಜಿನೇಸ್ ಆ ಆಮ್ಲದಿಂದ ಎರಡು ಎಲೆಕ್ಟ್ರಾನ್ ತೆಗೆದು ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ. ಇದೆಲ್ಲ ನಡೆಯುವುದು ಜೀವಂತ ಬ್ಯಾಕ್ಟೀರಿಯಾದಲ್ಲಿ, ಕೋಣೆಯ ಗಾಳಿಯಲ್ಲಲ್ಲ. ನಮ್ಮ ಕರುಳಲ್ಲಿರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾದಲ್ಲೇ ಈ ಎಂಜೈಮ್ 3 ಬಗೆ ಇದೆ. ಅದರಲ್ಲಿ ಒಂದಕ್ಕೆ ಆಮ್ಲಜನಕ ತಾಕಿದರೆ ಕೆಟ್ಟೇ ಹೋಗುತ್ತದೆ! ಎಷ್ಟು ಚೆಂದದ ಎಂಜೈಮ್ ಗೊತ್ತಾ ಅದು. ಪ್ರೋಟೀನ್ ಕಟ್ಟುವಾಗ ಯುಜಿಎ ಎಂಬ ಮೂರಕ್ಷರದ ಸಂಕೇತ ಬಂದರೆ ಸಾಮಾನ್ಯವಾಗಿ ಕೆಲಸ ಅಲ್ಲಿಗೆ ಮುಗಿಯುತ್ತದೆ. ಇಲ್ಲಿ ಹಾಗಲ್ಲ, ಆ ಜಾಗದಲ್ಲಿ ಸೆಲೆನಿಯಂ ಇರುವ ಅಮೈನೋ ಆಮ್ಲ ಬಂದು ಕೂರುತ್ತದೆ.

ಚಿಕ್ಕಪ್ಪ: ಅದೆಲ್ಲ ಇರಲಿ. 30 ವರ್ಷದಿಂದ ಮಾಸ್ಕ್ ಇಲ್ಲದೆ ಹೊಡೆಯುತ್ತಿದ್ದೇನೆ. ಏನೂ ಆಗಿಲ್ಲ.

ನಾನು: ಆಗಿದೆ. ಪ್ರತಿ ಬೆಳೆಗೂ ನಿಮ್ಮ ಕಣ್ಣು ಎರಡು ದಿನ ಕೆಂಪಗಿರುತ್ತದೆ. ಚಿಕ್ಕಮ್ಮ ರಾತ್ರಿಯೆಲ್ಲ ಕೆಮ್ಮುತ್ತಾರೆ. ಫಾರ್ಮಾಲ್ಡಿಹೈಡ್ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ಇನ್ನೊಂದು ಮಾತು. ನಾವು ಫಾರ್ಮಾಲಿನ್ ಹೊಡೆಯುವುದೇ ರೋಗಾಣು ಸಾಯಲಿ ಅಂತ. ಹುಳುಗಳಿಗೆ ಬರುವ ಸಪ್ಪೆ ರೋಗದ ಬ್ಯಾಕ್ಟೀರಿಯಾ ಸಾಯುವ ಕಡೆ ಈ ಎಂಜೈಮಿನ ಬ್ಯಾಕ್ಟೀರಿಯಾ ಹೇಗೆ ಬದುಕಿ ಕೆಲಸ ಮಾಡುತ್ತದೆ?

ಚಿಕ್ಕಪ್ಪ: ಹೌದಲ್ಲ. ಅದು ನನಗೆ ಹೊಳೆಯಲಿಲ್ಲ.

ಅತ್ತೆ: ಹಾಗಾದರೆ ನಾಳೆ ಏನು ಮಾಡಲಿ?

ನಾನು: ನಿಮ್ಮದು ಹಂಚಿನ ಮನೆ ಅತ್ತೆ, ಸಂದಿ ಜಾಸ್ತಿ. ಫಾರ್ಮಾಲಿನ್ ಅಲ್ಲಿ ನಿಲ್ಲುವುದಿಲ್ಲ. ಬ್ಲೀಚಿಂಗ್ ಪೌಡರನ್ನು ಸುಣ್ಣದ ನೀರಲ್ಲಿ ಕಲಸಿ ಹೊಡೆಯಿರಿ. ಅದಕ್ಕೂ ಮಾಸ್ಕ್ ಬೇಕು. ಬ್ಲೀಚಿಂಗ್ ಪೌಡರ್, ಫಾರ್ಮಾಲಿನ್ ಎರಡನ್ನೂ ಬೆರೆಸಲೇಬೇಡಿ. ಚಿಕ್ಕಪ್ಪ, ನಿಮ್ಮ ಮನೆ ಗಟ್ಟಿಯಾಗಿ ಮುಚ್ಚುತ್ತದೆ. 1 ಲೀಟರ್ ಫಾರ್ಮಾಲಿನ್‌ಗೆ 17 ಲೀಟರ್ ನೀರು ಹಾಕಿ. ಗ್ಯಾಸ್ ತಡೆಯುವ ಮಾಸ್ಕ್, ಕನ್ನಡಕ, ಗ್ಲೌಸ್ ಹಾಕಿಕೊಳ್ಳಿ. ಟವೆಲ್ ಕಟ್ಟಿಕೊಂಡರೆ ಸಾಲದು. ಒಂದು ದಿನ ಮುಚ್ಚಿಡಿ. ಆಮೇಲೆ ಬಾಗಿಲು ಕಿಟಕಿ ತೆಗೆದು, ಘಾಟು ಪೂರ್ತಿ ಹೋದ ಮೇಲೆ ಹುಳು ಗೂಡು ಕಟ್ಟುವ ಚಂದ್ರಿಕೆ, ಹುಳು ಸಾಕುವ ತಟ್ಟೆ ಮುಟ್ಟಿ.

ಚಿಕ್ಕಪ್ಪ: ಗೂಡಿನ ಮಾರ್ಕೆಟ್ ಗುಂಪಿಗೂ ಅದನ್ನು ಕಳಿಸಿಬಿಟ್ಟಿದ್ದೆ. ಈಗ ಅಳಿಸಿದೆ. ನೀನು ಬರೆದದ್ದನ್ನು ಅಲ್ಲಿಗೆ ಹಾಕಲಾ?

ನಾನು: ಹಾಕಿ ಚಿಕ್ಕಪ್ಪ. ಈಗಲೇ ಹಾಕಿ. ನಾಳೆ ಬೆಳಗ್ಗೆ ಹೊಡೆಯುವವರು ಇನ್ನೂ ಇರುತ್ತಾರೆ.