‘ಲಭ್ಯ ಲೈಸಿನ್’ ಸರಿಯೇ, ‘ದಕ್ಕುವ ಲೈಸಿನ್’ ಸರಿಯೇ?

ಕುಂಬಳೆಯಿಂದ ಪ್ರಶ್ನೆ: ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಆಹಾರ ವಿಜ್ಞಾನದ ಟಿಪ್ಪಣಿ ತಯಾರಾಗುತ್ತಿದೆ. ಹಾಲಿನ ಹುಡಿಯ ಅಮೈನೋ ಆಮ್ಲಗಳನ್ನು ಸೂಕ್ಷ್ಮಜೀವಿ ಬೆಳೆಸಿ ಅಳೆಯುವ ಭಾಗದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲಕ್ಕೆ (ಪ್ರೋಟೀನಿನ ಒಂದು ಘಟಕಕ್ಕೆ) ‘ಟೋಟಲ್ ಲೈಸಿನ್’, ‘ಅವೈಲೇಬಲ್ ಲೈಸಿನ್’ ಎಂದು ಎರಡು ಬರುತ್ತವೆ. ಎರಡನೆಯದಕ್ಕೆ ‘ಲಭ್ಯ’ ಸಾಕೇ?

ಉತ್ತರ: ಸಾಲದು ಟೀಚರೇ. ಕಾಸರಗೋಡಿನ ಮಕ್ಕಳು ‘ಇಲ್ಲಿ ಲಭ್ಯ’ ಎಂಬ ಅಂಗಡಿ ಬೋರ್ಡನ್ನು ಕನ್ನಡ, ಮಲಯಾಳ ಎರಡರಲ್ಲೂ ಓದುತ್ತಾರೆ. ಇದೆ, ಸಿಗುತ್ತದೆ ಎಂದಷ್ಟೇ ತಿಳಿಯುತ್ತಾರೆ. ಒಟ್ಟು ಲೈಸಿನ್ನೂ ಹಾಲಿನ ಹುಡಿಯಲ್ಲಿ ಇದ್ದೇ ಇದೆಯಲ್ಲ! ‘ದಕ್ಕುವ ಲೈಸಿನ್’ ಎನ್ನಿ. ಉಂಡದ್ದು ದಕ್ಕಬೇಕು ಎನ್ನುವಾಗಿನ ಅರ್ಥವೇ ಇಲ್ಲಿಯದೂ.

ಅಳೆಯುವ ಕ್ರಮವೂ ಅದನ್ನೇ ಹೇಳುತ್ತದೆ. ಒಟ್ಟು ಲೈಸಿನ್ ತಿಳಿಯಲು ಹುಡಿಯನ್ನು 6 ನಾರ್ಮಲ್ (ಸಾಂದ್ರತೆಯ ಅಳತೆ) ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 24 ಗಂಟೆ ಇಟ್ಟು ಪ್ರೋಟೀನನ್ನು ಪೂರ್ತಿ ಒಡೆಯುತ್ತಾರೆ. ಆಮ್ಲವನ್ನು ತಟಸ್ಥಗೊಳಿಸಿ, ಲೈಸಿನ್ ಒಂದನ್ನು ಬಿಟ್ಟು ಬೇರೆಲ್ಲ ಪೋಷಕಗಳಿರುವ ಮಾಧ್ಯಮಕ್ಕೆ (ಜೀವಿ ಬೆಳೆಸುವ ದ್ರವಕ್ಕೆ) ನಳಿಕೆಯಿಂದ ನಳಿಕೆಗೆ ಏರುಪ್ರಮಾಣದಲ್ಲಿ ಸೇರಿಸಿ, ಲ್ಯೂಕೊನಾಸ್ಟಾಕ್ ಮೆಸೆಂಟೆರಾಯ್ಡಿಸ್ ಎಂಬ ಬ್ಯಾಕ್ಟೀರಿಯಾದ ಪಿ-60 ತಳಿಯನ್ನು ಬಿಡುತ್ತಾರೆ. ಲೈಸಿನ್ ಸಿಕ್ಕಿದಷ್ಟೇ ಅದು ಬೆಳೆದು ಆಮ್ಲ ಹುಟ್ಟಿಸುತ್ತದೆ. (ಇಡ್ಲಿ ಹಿಟ್ಟು ಉಬ್ಬಿಸುವುದೂ ಇದೇ ಜಾತಿ, ಮಕ್ಕಳಿಗೆ ಇದನ್ನು ಹೇಳಿ.) 37 ಡಿಗ್ರಿಯಲ್ಲಿ 72 ಗಂಟೆ ಕಳೆದ ಮೇಲೆ, ಹುಟ್ಟಿದ ಲ್ಯಾಕ್ಟಿಕ್ ಆಮ್ಲವನ್ನು 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡಿನಿಂದ ಟೈಟ್ರೇಟ್ ಮಾಡಿ (ಆಮ್ಲ ತಟಸ್ಥವಾಗಲು ಎಷ್ಟು ಬೇಕೆಂದು ಅಳೆದು), ಗೊತ್ತಿದ್ದಷ್ಟು ಲೈಸಿನ್ ಹಾಕಿದ ನಳಿಕೆಗಳೊಡನೆ ಹೋಲಿಸುತ್ತಾರೆ. ಬಿಡುವ ಜೀವಕೋಶಗಳನ್ನು ಮೊದಲೇ ಉಪ್ಪುನೀರಿನಲ್ಲಿ ಚೆನ್ನಾಗಿ ತೊಳೆದಿರಬೇಕು. ಇಲ್ಲದಿದ್ದರೆ ಹಳೆಯ ಮಾಧ್ಯಮದ ಲೈಸಿನ್ ಅಂಟಿಕೊಂಡು ಬಂದು, ಏನೂ ಹಾಕದ ನಳಿಕೆಯೂ ಜೀವಿ ಬೆಳೆದು ಕದಡುತ್ತದೆ.

ತೊಡಕಿರುವುದು ಆಮ್ಲದಲ್ಲಿ. ಹಾಲಿನ ಹುಡಿ ಹೆಚ್ಚು ಕಾದರೆ ಲೈಸಿನ್‌ನ ಒಂದು ಪಾಲು ಲ್ಯಾಕ್ಟೋಸ್ ಸಕ್ಕರೆಗೆ ಕಚ್ಚಿಕೊಳ್ಳುತ್ತದೆ. ನಮ್ಮ ಜೀರ್ಣರಸಕ್ಕೆ ಅದು ಬಿಡಿಸಲು ಬರುವುದಿಲ್ಲ. ಬಿಸಿ ಆಮ್ಲ ಮಾತ್ರ ಅದರಲ್ಲಿ ಸ್ವಲ್ಪವನ್ನು ಬಿಡಿಸಿಬಿಡುತ್ತದೆ. ಒಟ್ಟು ಲೆಕ್ಕ ದಕ್ಕುವುದಕ್ಕಿಂತ ಹೆಚ್ಚು ಬರುವುದು ಇದರಿಂದಲೇ. ಹಾಗಾಗಿ ದಕ್ಕುವುದನ್ನು ಅಳೆಯುವಾಗ ಆಮ್ಲವನ್ನು ಬಿಟ್ಟು, ಬಪ್ಪಂಗಾಯಿ (ಪಪ್ಪಾಯಿ) ಹಾಲಿನಲ್ಲಿರುವ ಪಪೈನ್‌ನಂಥ ಕಿಣ್ವದಿಂದ ಪ್ರೋಟೀನನ್ನು ಅರ್ಧಂಬರ್ಧ ಒಡೆದು, ಉಳಿದದ್ದನ್ನು ತಾನೇ ಅರಗಿಸಿಕೊಳ್ಳಬಲ್ಲ ಜೀವಿಯನ್ನು ಬೆಳೆಸುತ್ತಾರೆ.

ಆ ಜೀವಿಗೆ ಉದಾಹರಣೆಯಾಗಿ ಸ್ಟ್ರೆಪ್ಟೊಕಾಕಸ್ ಝೈಮೋಜೀನ್ಸ್ ಹೆಸರು ಕೊಡಬೇಡಿ. ಮೆಥಿಯೊನಿನ್ ಎಂಬ ಇನ್ನೊಂದು ಅಮೈನೋ ಆಮ್ಲವನ್ನು ಅಳೆಯಲು ಅದು ಒಳ್ಳೆಯದೇ, ಆದರೆ ಬೆಳೆಯಲು ಅದಕ್ಕೆ ಲೈಸಿನ್ ಬೇಕಾಗಿಯೇ ಇಲ್ಲ. ಲೈಸಿನ್‌ಗೆ ಟೆಟ್ರಾಹೈಮೆನಾ ಎಂಬ ಏಕಕೋಶಜೀವಿ ಆಗುತ್ತದೆ.

ಟಿಪ್ಪಣಿಯಲ್ಲಿ ಮೊದಲ ಸಲ ‘ದಕ್ಕುವ (ಲಭ್ಯ) ಲೈಸಿನ್’ ಎಂದು ಬರೆಯಿರಿ. ಪ್ರಶ್ನೆಪತ್ರಿಕೆಯಲ್ಲಿ ‘ಲಭ್ಯ’ ಎಂದೇ ಬಂದರೂ ಮಕ್ಕಳು ತಡವರಿಸಲಿಕ್ಕಿಲ್ಲ.