ಮದುವೆ ವಿಡಿಯೊ ಎಡಿಟ್ ಮಾಡಲು ಹೊಸ ಡೆಸ್ಕ್‌ಟಾಪ್: ಈ ಕೊಟೇಶನ್ ಸರಿ ಇದೆಯಾ?

ಪ್ರಶ್ನೆ (ಸ್ಟುಡಿಯೊ ನಡೆಸುವವರು, ತಿಪಟೂರು):
ನಮಸ್ಕಾರ ಸರ್. ಮದುವೆ, ನಾಮಕರಣ, ಗೃಹಪ್ರವೇಶದ ವಿಡಿಯೊ ಮಾಡುತ್ತೇನೆ. ಕ್ಯಾಮೆರಾ ಸೋನಿ ಎ7 ಮಾರ್ಕ್ 4. ಶೂಟ್ ಮಾಡುವುದು 4ಕೆ 50ಪಿ, ಎಕ್ಸ್‌ಎವಿಸಿ ಎಚ್‌ಎಸ್, 4:2:2 10 ಬಿಟ್, 200 ಎಂಬಿಪಿಎಸ್. ಎಡಿಟಿಂಗ್ ಪ್ರೀಮಿಯರ್ ಪ್ರೊನಲ್ಲಿ. ಹಳೇ ಪಿಸಿಯಲ್ಲಿ ಪ್ಲೇ ಒತ್ತಿದರೆ ವಿಡಿಯೊ ನಿಂತು ನಿಂತು ಓಡುತ್ತದೆ. ಬೆಂಗಳೂರಿನ ಎಸ್‌ಪಿ ರೋಡಿನ ಒಂದು ಕಂಪ್ಯೂಟರ್ ಅಂಗಡಿಯವರು ಕೊಟ್ಟ ಕೊಟೇಶನ್ ಇದು: ಐ5 14400ಎಫ್, 16 ಜಿಬಿ ರ‍್ಯಾಮ್ (ಒಂದೇ ಸ್ಟಿಕ್), ಆರ್‌ಟಿಎಕ್ಸ್ 4060, 1 ಟಿಬಿ ಎಸ್‌ಎಸ್‌ಡಿ, ಆರ್‌ಜಿಬಿ ಲಿಕ್ವಿಡ್ ಕೂಲರ್, ಎಸ್‌ಎಂಪಿಎಸ್ (ಪವರ್ ಸಪ್ಲೈ) ಸಮೇತ ಗೇಮಿಂಗ್ ಕ್ಯಾಬಿನೆಟ್. ತಗೊಳ್ಳಬಹುದಾ?

ಉತ್ತರ (ಸಿಸ್ಟಂ ಅಸೆಂಬ್ಲಿ ಮಾಡುವವರು):
ಕ್ಯಾಮೆರಾ ಸೆಟ್ಟಿಂಗ್ ಪೂರ್ತಿ ಬರೆದಿದ್ದು ಒಳ್ಳೆಯದಾಯಿತು ಸರ್. ಉತ್ತರ ಅದರಲ್ಲೇ ಇದೆ.

ಈ ಕೊಟೇಶನ್ ಗೇಮ್ ಆಡುವವರಿಗೆ ನಡೆಯುತ್ತದೆ, ನಿಮಗೆ ಬೇಡ. ನೀವು ಶೂಟ್ ಮಾಡುವ ಎಕ್ಸ್‌ಎವಿಸಿ ಎಚ್‌ಎಸ್ ಅಂದರೆ ಎಚ್.265, ವಿಡಿಯೊವನ್ನು ಒತ್ತಿ ಚಿಕ್ಕದು ಮಾಡಿ ಇಡುವ ಒಂದು ವಿಧಾನ. ಅದರಲ್ಲೂ ಬಣ್ಣದ ವಿವರ ಜಾಸ್ತಿ ಇರುವ 4:2:2 10 ಬಿಟ್ ಫೈಲ್ ಬಿಚ್ಚಿ ಓಡಿಸುವುದು ಭಾರದ ಕೆಲಸ. ಅದಕ್ಕೆ ಚಿಪ್ಪಿನೊಳಗೆ ಅದಕ್ಕಂತಲೇ ಇರುವ ಡಿಕೋಡರ್ (ಫೈಲ್ ಬಿಚ್ಚುವ ಭಾಗ) ಬೇಕು. ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್ ಈ ಬಗೆಯ ಫೈಲನ್ನು ಹಾರ್ಡ್‌ವೇರ್‌ನಲ್ಲಿ ಬಿಚ್ಚುವುದಿಲ್ಲ. ಇಂಟೆಲ್ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಬಿಚ್ಚುತ್ತದೆ, ಅದನ್ನು ಕ್ವಿಕ್ ಸಿಂಕ್ ಅನ್ನುತ್ತಾರೆ. ಆದರೆ ನಿಮಗೆ ಕೊಟ್ಟಿರುವುದು 14400ಎಫ್. ಹೆಸರಿನ ಕೊನೆಯಲ್ಲಿ ಎಫ್ ಇದ್ದರೆ ಒಳಗಿನ ಗ್ರಾಫಿಕ್ಸೇ ಇಲ್ಲ ಅಂತ ಅರ್ಥ. ಎರಡೂ ಕಡೆ ಬಾಗಿಲು ಮುಚ್ಚಿದ ಹಾಗಾಯಿತು. ಅಷ್ಟು ದುಡ್ಡು ಹಾಕಿದ ಮೇಲೂ ವಿಡಿಯೊ ನಿಂತು ನಿಂತೇ ಓಡುತ್ತದೆ. ದುಡಿದ ದುಡ್ಡು ಹೀಗೆ ಹೋಗಬಾರದು ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನನ್ನ ಆಯ್ಕೆ ಐ5 14500. ಎಫ್ ಇಲ್ಲದ್ದು. ಇದರಲ್ಲಿ 14 ಕೋರ್ ಇವೆ, ಒಳಗೆ ಯುಎಚ್‌ಡಿ 770 ಗ್ರಾಫಿಕ್ಸ್ ಇದೆ. ಎಫ್ ಇಲ್ಲದ 14400ರಲ್ಲೂ ಕ್ವಿಕ್ ಸಿಂಕ್ ಸಿಗುತ್ತದೆ, ಆದರೆ ಅದರ ಯುಎಚ್‌ಡಿ 730ರಲ್ಲಿ ವಿಡಿಯೊ ಎಂಜಿನ್ ಒಂದೇ. 770ರಲ್ಲಿ ಎರಡು. ಎರಡು ಕ್ಯಾಮೆರಾದ ಮುಹೂರ್ತದ ಫೂಟೇಜನ್ನು ಒಟ್ಟಿಗೆ ಟೈಮ್‌ಲೈನ್‌ಗೆ ಹಾಕಿದಾಗ ಆ ವ್ಯತ್ಯಾಸ ಕಾಣುತ್ತದೆ. ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಕೆಲವು ಬೋರ್ಡ್‌ಗಳು ಒಳಗಿನ ಗ್ರಾಫಿಕ್ಸನ್ನು ತಾವೇ ಆಫ್ ಮಾಡಿಬಿಡುತ್ತವೆ. ಬಯಾಸ್‌ಗೆ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್) ಹೋಗಿ ಆನ್ ಮಾಡಿಸಿ. ಬಯಾಸ್ ಅಪ್‌ಡೇಟ್ ಕೂಡ ಅಂಗಡಿಯಲ್ಲೇ ಮಾಡಿಸಿಕೊಳ್ಳಿ. ಈ ತಲೆಮಾರಿನ ದೊಡ್ಡ ಚಿಪ್‌ಗಳಲ್ಲಿ ಕಂಡ ವೋಲ್ಟೇಜ್ ತೊಂದರೆಗೆ ಇಂಟೆಲ್ 2024ರಲ್ಲಿ ಪರಿಹಾರ ಬಿಟ್ಟಿದೆ, ಅದು ಬರುವುದು ಬಯಾಸ್ ಮೂಲಕವೇ.

ಕಾರ್ಡ್ 4060ರ ಬದಲು 5060 ಸಿಕ್ಕರೆ ಅದನ್ನೇ ತಗೊಳ್ಳಿ. 2025ರಲ್ಲಿ ಬಂದ ಈ 50 ಸರಣಿಯಿಂದ ಎನ್ವಿಡಿಯಾ ಕಾರ್ಡ್‌ಗಳೂ 4:2:2 ಬಿಚ್ಚುತ್ತವೆ. ಪ್ರೀಮಿಯರ್ ಹೊಸ ಆವೃತ್ತಿ ಇರಬೇಕು.

ರ‍್ಯಾಮ್ 32 ಜಿಬಿ, 16ರ ಎರಡು ಸ್ಟಿಕ್. ಒಂದೇ ಸ್ಟಿಕ್ ಹಾಕಿದರೆ ಪ್ರೊಸೆಸರ್‌ಗೆ ಹೋಗುವ ದಾರಿ ಅರ್ಧ ಆಗುತ್ತದೆ. 2025ರ ಕೊನೆಯಿಂದ ರ‍್ಯಾಮ್ ರೇಟ್ ವಿಪರೀತ ಏರಿದೆ, ಹಾಗಾಗಿ ಕೊಟೇಶನ್ ಎಷ್ಟು ದಿನಕ್ಕೆ ಅಂತ ಕೇಳಿಕೊಳ್ಳಿ. ಇದಕ್ಕೆ ದುಡ್ಡು ಸಾಲದಿದ್ದರೆ ಲಿಕ್ವಿಡ್ ಕೂಲರ್ ಬಿಡಿ. 14500ಗೆ ಒಳ್ಳೆಯ ಏರ್ ಕೂಲರ್ ಧಾರಾಳ ಸಾಕು. ಲೈಟು ಸುಮ್ನೆ ಖರ್ಚು.

ಸ್ಟೋರೇಜ್ ಲೆಕ್ಕ ನೋಡಿ. 200 ಎಂಬಿಪಿಎಸ್ (ಸೆಕೆಂಡಿಗೆ 200 ಮೆಗಾಬಿಟ್) ಅಂದರೆ ಗಂಟೆಗೆ 90 ಜಿಬಿ. ಎರಡು ಕ್ಯಾಮೆರಾ, ತಲಾ ನಾಲ್ಕು ಗಂಟೆ ರೆಕಾರ್ಡಿಂಗ್ ಅಂದರೆ ಒಂದೇ ಮದುವೆಗೆ 720 ಜಿಬಿ. 1 ಟಿಬಿ ಎಲ್ಲಿ ಸಾಕಾಗುತ್ತದೆ? ವಿಂಡೋಸ್ ಮತ್ತು ಸಾಫ್ಟ್‌ವೇರ್‌ಗೆ 500 ಜಿಬಿ ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ), ನಡೆಯುತ್ತಿರುವ ಕೆಲಸಕ್ಕೆ 2 ಟಿಬಿ ಎನ್‌ವಿಎಂಇ. ಮುಗಿದ ಮದುವೆಗಳಿಗೆ ದೊಡ್ಡ ಹಾರ್ಡ್ ಡಿಸ್ಕ್ ಎರಡು, ಎರಡರಲ್ಲೂ ಅದೇ ಕಾಪಿ, ಒಂದು ಪಿಸಿಯಿಂದ ಹೊರಗೇ ಇರಲಿ. ತಾಳಿ ಕಟ್ಟುವುದನ್ನು ಮತ್ತೆ ಶೂಟ್ ಮಾಡಲು ಆಗುವುದಿಲ್ಲ ಅಲ್ವಾ.

ಕ್ಯಾಬಿನೆಟ್ ಜೊತೆ ಬರುವ ಎಸ್‌ಎಂಪಿಎಸ್ ಮಾತ್ರ ಯಾವ ಕಾರಣಕ್ಕೂ ಬೇಡ. ಹೆಸರಿರುವ ಕಂಪನಿಯ 650 ವಾಟ್, 80 ಪ್ಲಸ್ ಬ್ರಾಂಜ್ (ಕರೆಂಟ್ ಎಷ್ಟು ಉಳಿಸುತ್ತದೆ ಅನ್ನುವ ದರ್ಜೆ) ಅಥವಾ ಅದಕ್ಕಿಂತ ಮೇಲಿನದು, ಬೇರೆಯಾಗಿ ತಗೊಳ್ಳಿ. ಪ್ರೊಸೆಸರ್ ಜೋರಾಗಿ ಓಡುವಾಗ 154 ವಾಟ್, 5060 ಕಾರ್ಡ್ 145 ವಾಟ್. ಉಳಿದದ್ದು ಸೇರಿದರೂ 650 ಆರಾಮಾಗಿ ತಡೆಯುತ್ತದೆ.

ಸ್ಟುಡಿಯೊದವರು:
ಎಫ್ ಅಕ್ಷರಕ್ಕೆ ಇಷ್ಟು ಅರ್ಥ ಇದೆ ಅಂತ ಗೊತ್ತಿರಲಿಲ್ಲ ಸರ್. ಹಳೇ 600 ವಿಎ ಯುಪಿಎಸ್ ಇದೆ, ಅದೇ ಸಾಕಾ? ಇನ್ನೊಂದು, ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ.

ಉತ್ತರ:
ಜುಮ್ ಅನ್ನುತ್ತಿದ್ದರೆ ಪಿಸಿಗಿಂತ ಮೊದಲು ಎಲೆಕ್ಟ್ರಿಷಿಯನ್ ಕರೆಸಿ. ಅರ್ಥಿಂಗ್ ಇಲ್ಲ, ಅಥವಾ ಎಲ್ಲೋ ಬಿಟ್ಟುಹೋಗಿದೆ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮೀಟರ್ ಇಟ್ಟು ನೋಡಲಿ. ಎರಡು ಮೂರು ವೋಲ್ಟ್ ಒಳಗಿದ್ದರೆ ಸರಿ, ಜಾಸ್ತಿ ತೋರಿಸಿದರೆ ಅರ್ಥ್ ಗುಂಡಿ ಸರಿಮಾಡಿಸಬೇಕು. ಪ್ಲಗ್ಗಿನ ಮೂರನೇ ಪಿನ್ ಕಿತ್ತು ಹಾಕಿದ್ದರೆ ಇವತ್ತೇ ಬದಲಿಸಿ. ಇದು ಪಾರ್ಟ್ ಉಳಿಸುವ ಮಾತಲ್ಲ, ಜೀವದ ಮಾತು.

600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವಾಟ್ ಕೊಡುತ್ತದೆ. ಎಕ್ಸ್‌ಪೋರ್ಟ್ ನಡೆಯುವಾಗ ಕರೆಂಟ್ ಹೋದರೆ ಮಾನಿಟರ್ ಸೇರಿ ಅದು ತಡೆಯದೆ ಆಫ್ ಆಗಬಹುದು. 1000 ವಿಎ ಅಥವಾ ಮೇಲಿನದು ತಗೊಳ್ಳಿ. ಫೈಲ್ ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತು ಸಿಕ್ಕರೆ ಸಾಕು.

ಗುಂಪಿನ ಇನ್ನೊಬ್ಬರು (ಎಂಜಿನಿಯರಿಂಗ್ ವಿದ್ಯಾರ್ಥಿ):
ಅಣ್ಣ, ಎಲ್ಲರೂ ಎಎಂಡಿ ಪ್ರೊಸೆಸರ್ ಕೂರುವ ಎಎಂ5 ಸಾಕೆಟ್ಟಿನ ಪಿಸಿ ತಗೋ ಅಂತಾರೆ. ನೀವು ಇಂಟೆಲ್ ಹೇಳುತ್ತಿದ್ದೀರಿ. ನನಗೆ ಕೋಡಿಂಗ್, ಸ್ವಲ್ಪ ಗೇಮ್, ಅಷ್ಟೆ.

ಉತ್ತರ:
ನಿನ್ನ ಕೆಲಸಕ್ಕೆ ಅವರು ಹೇಳಿದ್ದೇ ಸರಿ. 14500 ಕೂರುವ ಎಲ್‌ಜಿಎ 1700 ಸಾಕೆಟ್‌ಗೆ ಹೊಸ ತಲೆಮಾರು ಬರುವುದಿಲ್ಲ, ಇಂಟೆಲ್ 2024ರಲ್ಲೇ ಬೇರೆ ಸಾಕೆಟ್‌ಗೆ ಹೋಯಿತು. ಎಎಂ5ಗೆ ಕನಿಷ್ಠ 2027ರವರೆಗೆ ಬೆಂಬಲ ಅಂತ ಎಎಂಡಿ ಹೇಳಿದೆ. ರೈಜನ್ 5 7600 ತಗೋ, ಬಾಕ್ಸ್ ಪೀಸ್ ಆದರೆ ಕೂಲರ್ ಜೊತೆಗೇ ಬರುತ್ತದೆ. ಒಳಗೆ ಚಿಕ್ಕ ಗ್ರಾಫಿಕ್ಸೂ ಇದೆ, ದುಡ್ಡು ಕೂಡುವ ತನಕ ಕಾರ್ಡ್ ಇಲ್ಲದೆ ಕೋಡಿಂಗ್ ಮಾಡಬಹುದು. ಪಿಸಿ ಬಂದ ಮೇಲೆ ಬಯಾಸ್‌ನಲ್ಲಿ ಎಕ್ಸ್‌ಪೋ (ಮೆಮೊರಿಯನ್ನು ಅದರ ಪೂರ್ತಿ ವೇಗಕ್ಕೆ ಏರಿಸುವ ಸೆಟ್ಟಿಂಗ್) ಆನ್ ಮಾಡು, ಇಲ್ಲದಿದ್ದರೆ 6000ದ ರ‍್ಯಾಮ್ 4800ರಲ್ಲೇ ಓಡುತ್ತಿರುತ್ತದೆ.

ಸ್ಟುಡಿಯೊದವರು:
ನಾಳೆ ಎಲೆಕ್ಟ್ರಿಷಿಯನ್ ಬರುತ್ತಾರೆ ಸರ್. ಆಮೇಲೆ ಹೊಸ ಕೊಟೇಶನ್ ಇಲ್ಲೇ ಹಾಕುತ್ತೇನೆ.

ಉತ್ತರ:
ಹಾಕಿ ಸರ್, ನೋಡಿ ಹೇಳುತ್ತೇನೆ. ಬಿಲ್‌ನಲ್ಲಿ ಪ್ರತಿ ಪಾರ್ಟಿನ ಮಾಡೆಲ್ ಮತ್ತು ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಬರೀ "ಅಸೆಂಬಲ್ಡ್ ಸಿಸ್ಟಂ" ಅಂತ ಒಂದೇ ಸಾಲು ಇದ್ದರೆ ವಾರಂಟಿ ಕೇಳುವಾಗ ಕಷ್ಟ ಆಗುತ್ತದೆ.